ಮಗುವಿನ ಬಗ್ಗೆ ವಿಶೇಷ ಸೂಚನೆ ಇದ್ದಲ್ಲಿ

ನನಗೆ ಮೂವತ್ತೊಂದು ವರ್ಷ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಿಮಗೆ ಸಿಗುವವರು ಯಾರೂ ಇದನ್ನು ಒಪ್ಪುವುದಿಲ್ಲ.

ಪ್ರತಿ ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ದೊಡ್ಡಾಸ್ಪತ್ರೆಯ ಮಕ್ಕಳ ಲಿವರ್ ವಿಭಾಗದಲ್ಲಿ ಚಪ್ಪಲಿ ಬಿಟ್ಟು ತೂಕದ ಯಂತ್ರದ ಮೇಲೆ ನಿಲ್ಲುತ್ತೇನೆ. ಯಂತ್ರಕ್ಕೆ ಆನೆಯ ಮುಖವಿದೆ, ಸೊಂಡಿಲೇ ಮುಳ್ಳು. ಅದು ನಲವತ್ತು ಕೇಜಿಯವರೆಗೆ ಎದ್ದು ಅಲ್ಲೇ ನಿಂತುಬಿಡುತ್ತದೆ. ನಾನು ನಲವತ್ತಮೂರು. ಅಲ್ಲಿನ ಹಿರಿಯ ನರ್ಸನ್ನು ನಾವೆಲ್ಲ ತೂಕದಕ್ಕ ಎನ್ನುತ್ತೇವೆ. ಅವಳು "ಒಂದು ಕಾಲು ಕೆಳಗಿಡೇ" ಎಂದು ಹೇಳಿ, ಉಳಿದದ್ದನ್ನು ಕಣ್ಣಳತೆಯಲ್ಲಿ ಸೇರಿಸಿ ಬರೆದುಕೊಳ್ಳುತ್ತಾಳೆ. ಎತ್ತರ ಅಳೆಯಲು ಗೋಡೆಯ ಮೇಲೆ ಜಿರಾಫೆ. ಅದರಲ್ಲಿ ತೊಂದರೆಯಿಲ್ಲ. ನಾನು ನಾಲ್ಕೂವರೆ ಅಡಿ. ಜಿರಾಫೆಯ ಕಿವಿಯ ಹತ್ತಿರ ಬಂದು ನಿಂತವಳು ಹದಿನೈದು ವರ್ಷದಿಂದ ಅಲ್ಲೇ ಇದ್ದೇನೆ. ಬೆಳವಣಿಗೆ ಗುರುತಿಸುವ ಚೌಕುಳಿ ಹಾಳೆ ಹದಿನೆಂಟು ವರ್ಷಕ್ಕೆ ಮುಗಿಯುತ್ತದೆ. ಮುಗಿದ ಮೇಲೆ ತೂಕದಕ್ಕ ವರ್ಷಕ್ಕೊಂದು ಹಾಳೆ ಅಂಟಿಸುತ್ತಾ ಬಂದಿದ್ದಾಳೆ. ಈಗ ಅದನ್ನು ಬಿಚ್ಚಿದರೆ ಮೇಜು ದಾಟಿ, ಬಾಗಿಲು ದಾಟಿ, ಕೈ ತೊಳೆಯುವ ತೊಟ್ಟಿಯವರೆಗೆ ಹೋಗುತ್ತದೆ. ಅಂಟಿಸಿದ ಹದಿಮೂರು ಹಾಳೆಯಲ್ಲೂ ಒಂದೇ ನೆಟ್ಟಗಿನ ಗೆರೆ.

ಇದು ಹೇಗಾಯಿತು ಎಂದರೆ, ನಾನು ಹುಟ್ಟಿದ್ದೇ ಹಳದಿ ಬಣ್ಣದಲ್ಲಿ. ಲಿವರಿನಲ್ಲಿ ಹುಟ್ಟುವ ಪಿತ್ತ ಹೊರಗೆ ಹರಿಯಬೇಕು, ನನ್ನದು ಹರಿಯುತ್ತಿರಲಿಲ್ಲ. ಅಪ್ಪನಿಂದ ಅರ್ಧ ತಪ್ಪು, ಅಮ್ಮನಿಂದ ಅರ್ಧ ತಪ್ಪು ಬಂದು ನನ್ನಲ್ಲಿ ಪೂರ್ತಿಯಾಗಿತ್ತು. ಅವರಿಬ್ಬರೂ ಕಲ್ಲುಗುಂಡಿನ ಹಾಗಿದ್ದರು. ಆ ಕಾಯಿಲೆಯ ಹೆಸರು ಹೇಳಿ ಮುಗಿಸುವ ಹೊತ್ತಿಗೆ ಒಲೆಯ ಮೇಲಿನ ಹಾಲು ಉಕ್ಕಿಹೋಗಿರುತ್ತದೆ, ಅಷ್ಟು ಉದ್ದ. ನಿಂತ ಪಿತ್ತ ರಕ್ತಕ್ಕೆ ಸೇರಿ ಮೈಯೆಲ್ಲ ತುರಿಕೆ. ಅಂಗೈ, ಅಂಗಾಲು, ಕಿವಿಯ ಒಳಗೆ, ಎಲ್ಲ ಕಡೆ. ಹಗಲೂ ರಾತ್ರಿ ಪರಪರ ಕೆರೆದುಕೊಳ್ಳುತ್ತಿದ್ದೆ. ವಾರ್ಡಿನಲ್ಲಿ ನನ್ನ ಹೆಸರೇ ಪರಪರ ಎಂದಾಯಿತು. ಐದನೇ ವರ್ಷದಲ್ಲಿ ಅಮ್ಮ ತನ್ನ ಲಿವರಿನ ಒಂದು ತುಂಡನ್ನು ನನಗೆ ಕೊಟ್ಟಳು. ತುರಿಕೆ ಹೋಯಿತು, ಹೆಸರು ಉಳಿಯಿತು. ಫೈಲಿನಲ್ಲಿ "ಹೊಸ ಲಿವರ್" ಎಂದು ಬರೆದಿದ್ದಾರೆ. ಹೊಸದಂತೆ! ನಮ್ಮಮ್ಮ ನಲವತ್ತು ವರ್ಷ ಬಳಸಿದ್ದು ಅದು.

ಹದಿನೆಂಟು ತುಂಬಿದಾಗ ಚೀಟಿ ಹಿಡಿದುಕೊಂಡು ದೊಡ್ಡವರ ಲಿವರ್ ವಿಭಾಗಕ್ಕೆ ಹೋಗಿದ್ದೆ. ಅಲ್ಲಿನ ಡಾಕ್ಟರು ದಪ್ಪ ಪುಸ್ತಕ ತೆಗೆದು, ಬೆರಳಿಟ್ಟು ಓದಿ, "ಇದು ಮಕ್ಕಳ ಕಾಯಿಲೆ. ದೊಡ್ಡವರಿಗೆ ಇದು ಇರಲ್ಲ" ಎಂದರು. "ನನಗಿದೆಯಲ್ಲ ಸರ್" ಎಂದೆ. "ಹಾಗಾದ್ರೆ ನೀನು ಮಗು" ಎಂದು ಚೀಟಿ ವಾಪಸ್ಸು ಕೊಟ್ಟರು. ಪುಸ್ತಕ ಬರೆದವರ ಕಾಲದಲ್ಲಿ ಈ ಕಾಯಿಲೆಯ ಮಕ್ಕಳು ದೊಡ್ಡವರಾಗುವ ತನಕ ಉಳಿಯುತ್ತಿರಲಿಲ್ಲ, ಅಷ್ಟೇ. ನಾವು ಉಳಿದುಬಿಟ್ಟು ಎಲ್ಲರಿಗೂ ತಲೆನೋವು ತಂದಿದ್ದೇವೆ.

ಹೊಟ್ಟೆಪಾಡಿಗೆ ನಾನು ಕಟಿಂಗ್ ಮಾಸ್ತರು. ಶಾಲೆಯ ಯೂನಿಫಾರಂ ಹೊಲಿಯುವ ಅಂಗಡಿಯಲ್ಲಿ ಸ್ಟೂಲಿನ ಮೇಲೆ ನಿಂತು ದಿನಕ್ಕೆ ಎಂಬತ್ತು ಚಡ್ಡಿ ಕತ್ತರಿಸುತ್ತೇನೆ. ಆರು ಜನ ಟೈಲರುಗಳು ನನ್ನ ಕೈಕೆಳಗಿದ್ದಾರೆ, ನನ್ನ ಬಾಯಿಗೆ ಹೆದರುತ್ತಾರೆ. ಆದರೆ ಸಂಜೆ ಎಂಟಾಯಿತೆಂದರೆ ಅಂಗಡಿಯ ಫೋನು ಬಡಿದುಕೊಳ್ಳುತ್ತದೆ. ಮಾಲೀಕರು ಅದನ್ನು ಎತ್ತುವುದೂ ಇಲ್ಲ, ಇದ್ದಲ್ಲಿಂದಲೇ "ಮಾತ್ರೆ!" ಎಂದು ಕೂಗುತ್ತಾರೆ. ಆರೂ ಮೆಷಿನು ನಿಲ್ಲುತ್ತವೆ. ಆರು ಟೈಲರುಗಳ ಎದುರು ನಾನು ಮಾತ್ರೆ ನುಂಗಿ ಬಾಯಿ ತೆರೆದು ತೋರಿಸಬೇಕು. ಫೋನು ಮಾಡುವವಳು ನಮ್ಮಮ್ಮ. ಬೇರೆಯವರ ಲಿವರ್ ಮೈಯಲ್ಲಿ ಒಗ್ಗಿಕೊಂಡಿರಲು ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ ಮಾತ್ರೆ ಬಿಡುವಂತಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅಮ್ಮ ಒಂದು ಸಲವೂ ಮರೆತಿಲ್ಲ. ನನಗೆ ಮರೆಯುವ ಅವಕಾಶವನ್ನೇ ಕೊಟ್ಟಿಲ್ಲ.

ಮಕ್ಕಳ ವಿಭಾಗದ ಫಾರಂಗಳಲ್ಲಿ ಕೊನೆಗೊಂದು ಕಾಲಂ ಇರುತ್ತದೆ: "ಮಗುವಿನ ಬಗ್ಗೆ ವಿಶೇಷ ಸೂಚನೆ ಇದ್ದಲ್ಲಿ". ಎರಡು ಗೆರೆಯ ಜಾಗ. ಅಮ್ಮ ಎರಡು ಗೆರೆ ತುಂಬಿಸಿ, ಅಂಚಿನಲ್ಲಿ ಮೇಲಕ್ಕೆ ಹತ್ತಿ, ಹಾಳೆ ತಿರುವಿ ಹಿಂದೆಯೂ ಬರೆಯುತ್ತಾಳೆ. "ಎಂಟಕ್ಕೆ ಮಾತ್ರೆ, ಒಂದು ನಿಮಿಷ ತಡವಾದರೂ ನನಗೆ ಹೇಳಿ. ನೆಗಡಿಯವರ ಪಕ್ಕ ಕೂರಿಸಬೇಡಿ. ಸೂಜಿ ಬಲಗೈಗೆ, ಎಡಗೈಗೆ ಬೇಡ. ಸೂಜಿ ಕಂಡರೆ ಕೋಪ ಮಾಡುತ್ತಾಳೆ, ಬೈಯಬೇಡಿ, ಅದು ಹೆದರಿಕೆ." ಹೋದ ತಿಂಗಳೂ ಇದನ್ನೇ ಬರೆದಿದ್ದಳು. ಮೂವತ್ತೊಂದು ವರ್ಷದ ಹೆಂಗಸಿನ ಬಗ್ಗೆ! ನಾಚಿಕೆಯಿಂದ ಸಾಯಬೇಕು ಅನ್ನಿಸುತ್ತಿತ್ತು.

ಈ ತಿಂಗಳ ಮೊದಲ ಮಂಗಳವಾರ ಅಮ್ಮ ಬಿದ್ದಳು. ಎಲ್ಲಿಂದ? ಬಾತುಕೋಳಿಯ ಮೇಲಿಂದ. ಮಕ್ಕಳ ವಿಭಾಗದಲ್ಲಿ ಇರುವುದೆಲ್ಲ ಪ್ರಾಣಿಗಳ ಆಕಾರದ ಪ್ಲಾಸ್ಟಿಕ್ ಕುರ್ಚಿಗಳು. ಅರವತ್ತಾರು ವರ್ಷದ ಪಾಲಕರು ಬರಬಹುದು ಎಂದು ಕುರ್ಚಿ ಕೊಂಡವರಿಗೆ ಹೊಳೆದಿರಲಿಕ್ಕಿಲ್ಲ. ಅಮ್ಮ ಫಾರಂ ತುಂಬಿಸುತ್ತಾ ಹಾಳೆ ತಿರುವಲು ಬಾಗಿದಳು, ಬಾತುಕೋಳಿಯ ಕೊರಳು ಲಟಕ್ಕೆಂದಿತು. ಆಮೇಲೆ ಇನ್ನೊಂದು ಸದ್ದಾಯಿತು. ಅದು ಬಾತುಕೋಳಿಯದ್ದಲ್ಲ.

ಸೊಂಟದ ಮೂಳೆ. ಮೂರನೇ ಮಹಡಿಯ ಮೂಳೆ ವಾರ್ಡಿಗೆ ಸಾಗಿಸಿದರು. ಮೂಳೆ ಡಾಕ್ಟರು ಎಳೆಯ ವಯಸ್ಸಿನವರು, ಮಾತು ಕಡಿಮೆ. ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. "ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಆಪರೇಷನ್ ಟೇಬಲ್ ಖಾಲಿ ಇದೆ. ರಾಡು ಹಾಕಿದ್ರೆ ಒಂದು ವಾರಕ್ಕೆ ಎದ್ದು ನಿಲ್ತಾರೆ. ನಾಳೆ ತಪ್ಪಿದ್ರೆ ಇನ್ನು ಮುಂದಿನ ಬುಧವಾರ."

"ಅಲ್ಲೀವರೆಗೆ ಮಲಗಿದ್ರೆ ಏನಾಗುತ್ತೆ?" ಎಂದೆ.

"ಈ ವಯಸ್ಸಲ್ಲಿ ಅಷ್ಟು ದಿನ ಅಲ್ಲಾಡದೆ ಮಲಗಿದ್ರೆ ಎದೆಯಲ್ಲಿ ಕಫ ಕಟ್ಟುತ್ತೆ. ಎಷ್ಟೋ ಜನ ಆಮೇಲೆ ಏಳೋದೇ ಇಲ್ಲ." ಅವರು ಹಾಗೆಲ್ಲ ನೇರವಾಗಿ ಹೇಳಿದ್ದು ಒಳ್ಳೆಯದೇ ಆಯಿತು. "ಬೆಳಿಗ್ಗೆ ಹನ್ನೊಂದರೊಳಗೆ ಸಹಿ ಮಾಡಿದ ಒಪ್ಪಿಗೆ ಪತ್ರ ನನ್ನ ಕೈಲಿರಲಿ."

ನಮಗೆ ಬೇರೆ ಯಾರಿದ್ದಾರೆ? ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ನನಗೆ ಅಮ್ಮ, ಅಮ್ಮನಿಗೆ ನಾನು. ಇನ್ನು ಉಳಿದದ್ದು ಅಂಗಡಿಯ ಆರು ಟೈಲರುಗಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ಮೂಳೆ ವಾರ್ಡಿನ ಕೌಂಟರಿನ ಮುಂದೆ ನಿಂತೆ. ಆ ಕಡೆ ಕೂತಿದ್ದವರಿಗೆ ಮುಖಕ್ಕಿಂತ ದೊಡ್ಡ ಕನ್ನಡಕ. ಮನಸ್ಸಿನಲ್ಲೇ ಅವರಿಗೆ ಕನ್ನಡಕ ಎಂದೇ ಹೆಸರಿಟ್ಟೆ.

"ರೋಗಿಗೆ ನೀವೇನಾಗಬೇಕು?"

"ಮಗಳು."

"ನಿಮ್ಮ ಆಸ್ಪತ್ರೆ ಕಾರ್ಡಿದ್ರೆ ಕೊಡಿ. ಇಲ್ಲಿ ಒಬ್ಬರಿಗೆ ಒಂದೇ ಕಾರ್ಡು." ಕಾರ್ಡಿನ ಸಂಖ್ಯೆ ಹೊಡೆದರು. ಪರದೆಯ ಮೇಲೆ ಒಂದು ಆನೆ ಬಂದು ಸೊಂಡಿಲು ಎತ್ತಿತು. ಕನ್ನಡಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕೆಳಗೆ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. "ಇದು ಮಕ್ಕಳ ವಿಭಾಗದ ಕಾರ್ಡು. ಮಕ್ಕಳ ಸಹಿ ನಡೆಯಲ್ಲಮ್ಮ."

"ನನಗೆ ಮೂವತ್ತೊಂದು!"

"ಇರಬಹುದು. ಆದ್ರೆ ಮಗು ಅಂತಿದೆ."

ಮತ ಹಾಕುವ ಕಾರ್ಡು ತೆಗೆದು ಮೂಗಿನ ಕೆಳಗೆ ಹಿಡಿದೆ. "ಇದು ಹೊರಗಡೆ ನಡೆಯುತ್ತೆ. ನಾವಿರೋದು ಒಳಗಡೆ" ಎಂದರು. ಸಿಟ್ಟಿಲ್ಲ, ಸೊಕ್ಕಿಲ್ಲ. ಪಾಪದ ಮನುಷ್ಯ. ಅದೇ ನನ್ನನ್ನು ಇನ್ನಷ್ಟು ಉರಿಸಿತು. "ಮಗುವಿನ ಪರವಾಗಿ ಪಾಲಕರು ಸಹಿ ಹಾಕಬಹುದು. ಪಾಲಕರು ಯಾರು?" ಪರದೆ ನೋಡಿದರು. "ಓ. ಅವರೇ."

"ಹಾಗಾದ್ರೆ ಅವರ ಕೈಲೇ ಹಾಕಿಸ್ತೀನಿ ಬಿಡಿ. ಅವರ ಸೊಂಟ, ಅವರ ಸಹಿ."

"ನೋವಿಗೆ ಇಂಜೆಕ್ಷನ್ ಕೊಟ್ಟಿದ್ದಾರೆ. ಕೊಟ್ಟ ಆರು ಗಂಟೆಯೊಳಗೆ ಹಾಕಿದ ಸಹಿ ಮಂಪರಿನ ಸಹಿ. ನಡೆಯಲ್ಲ."

"ಆರು ಗಂಟೆ ಆದ ಮೇಲೆ?"

"ಇನ್ನೊಂದು ಇಂಜೆಕ್ಷನ್ ಕೊಡ್ತಾರೆ. ಆರು ಗಂಟೆಗೊಂದು."

"ಒಂದನ್ನು ಬಿಡೋಕೆ ಹೇಳಿ!"

"ಬಿಟ್ರೆ ನೋವಾಗುತ್ತಲ್ಲ. ನೋವಲ್ಲಿ ಹಾಕಿದ ಸಹಿ ಒತ್ತಾಯದ ಸಹಿ." ಅವರು ನಿಜಕ್ಕೂ ಬೇಸರದಿಂದ ತಲೆಯಾಡಿಸಿದರು. "ಅದೂ ನಡೆಯಲ್ಲ."

ಪಿತ್ತ ನೆತ್ತಿಗೇರಿತು. ನನ್ನಂಥವಳು ಈ ಮಾತನ್ನು ಸುಮ್ಮನೆ ಆಡುವುದಿಲ್ಲ. "ನೋಡಿ ಸ್ವಾಮಿ" ಎಂದು ಮೇಜು ಕುಟ್ಟಿದೆ, "ನನ್ನ ಹೊಟ್ಟೆಯಲ್ಲಿರೋ ಲಿವರ್ ಅವರದ್ದೇ. ಅದಕ್ಕೆ ಅರವತ್ತಾರು ವರ್ಷ. ನಾನು ಮಗುವಾದ್ರೆ ಆಗ್ಲಿ, ಲಿವರ್ ದೊಡ್ಡದಲ್ವಾ? ಅದರ ಪರವಾಗಿ ಸಹಿ ಹಾಕ್ತೀನಿ."

ಬೈಯುತ್ತಾರೆ ಎಂದುಕೊಂಡಿದ್ದೆ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ನಿಯಮದ ಪುಸ್ತಕ ತಿರುವಿಹಾಕಿದರು. ಐದು ನಿಮಿಷ ಹುಡುಕಿದರು. "ಲಿವರಿಗೆ ಪ್ರತ್ಯೇಕ ಕಾರ್ಡು ಮಾಡಿಸಿದ್ದೀರಾ?"

"ಇಲ್ಲ."

"ಛೇ. ಮಾಡಿಸಿದ್ರೆ ನೋಡಬಹುದಿತ್ತು. ಒಂದು ಕೆಲಸ ಮಾಡಿ, ಮಕ್ಕಳ ವಿಭಾಗದವರು ನಿಮ್ಮ ಫೈಲು ಮುಚ್ಚಿದ್ರೆ ನೀವು ತಾನಾಗೇ ದೊಡ್ಡವರಾಗ್ತೀರಿ."

ಮೆಟ್ಟಿಲು ಹಾರಿಕೊಂಡು ಇಳಿದೆ. ಮಕ್ಕಳ ವಿಭಾಗದ ದೊಡ್ಡ ಡಾಕ್ಟರು ಆಗಷ್ಟೇ ಬಂದು ಕೋಟು ತೊಡುತ್ತಿದ್ದರು. ನಾನು ಐದು ವರ್ಷದವಳಿದ್ದಾಗಿನಿಂದ ನನ್ನನ್ನು ಕಂಡವರು, ಈಗ ಅವರ ತಲೆಯೆಲ್ಲ ಬೆಳ್ಳಗಾಗಿದೆ. ಅವರ ಮೇಜಿನ ಮೇಲೆ ಯಾವತ್ತೂ ಒಂದು ದೊಡ್ಡ ನೀಲಿ ರಿಜಿಸ್ಟರು ಇರುತ್ತದೆ. ಮೇಲೆ ಅವರದೇ ಕೈಬರಹ: "ಈ ಮಕ್ಕಳು ಮುಂದೇನಾದರು?" ನನ್ನ ಕಾಯಿಲೆಯ ನಲವತ್ತು ಮಕ್ಕಳ ಲೆಕ್ಕ ಅದರಲ್ಲಿದೆ. ಪ್ರತಿ ತಿಂಗಳೂ ಒಬ್ಬೊಬ್ಬರ ಮುಂದೆ ನಾಲ್ಕರಲ್ಲೊಂದು ಕಡೆ ಗುರುತು: ಹಳೇ ಲಿವರಿನಲ್ಲಿದ್ದಾರೆ, ಹೊಸ ಲಿವರಿನಲ್ಲಿದ್ದಾರೆ, ಇಲ್ಲ, ಪತ್ತೆಯಿಲ್ಲ.

"ಸರ್, ನನ್ನ ಫೈಲು ಮುಚ್ಚಿ" ಎಂದೆ. ಎಲ್ಲ ಹೇಳಿದೆ.

ಅವರು ಬಾಯಿ ಮೇಲೆ ಕೈಯಿಟ್ಟುಕೊಂಡು ಕೇಳಿದರು. "ಅಯ್ಯೋ ಪುಟ್ಟೀ. ಫೈಲು ಮುಚ್ಚೋದಕ್ಕೆ ಎರಡೇ ದಾರಿ ಇರೋದು. 'ಇಲ್ಲ' ಅಥವಾ 'ಪತ್ತೆಯಿಲ್ಲ'."

"ಪತ್ತೆಯಿಲ್ಲ ಅಂತ ಬರೀರಿ."

"ಎರಡು ವರ್ಷ ಬರದೇ ಇದ್ರೆ ಮಾತ್ರ ಹಾಗೆ ಬರೆಯೋದು. ನೀನು ಒಂದು ತಿಂಗಳಾದ್ರೂ ತಪ್ಪಿಸಿದ್ದೀಯಾ?"

ಇಲ್ಲ. ಬಸ್ಸುಗಳೆಲ್ಲ ನಿಂತುಹೋಗಿದ್ದ ತಿಂಗಳು ಅಮ್ಮ ನನ್ನನ್ನು ಬೆನ್ನ ಮೇಲೆ ಹೊತ್ತು ಏಳು ಮೈಲಿ ನಡೆದಿದ್ದಳು. ಅಪ್ಪ ತೀರಿಕೊಂಡ ಮೂರನೇ ದಿನಕ್ಕೆ ಮಂಗಳವಾರ ಬಂದಿತ್ತು. ಅತ್ತು ಊದಿದ ಮುಖದಲ್ಲೇ ಕರೆತಂದು ಆನೆಯ ಮೇಲೆ ನಿಲ್ಲಿಸಿದ್ದಳು. ಒಂದೇ ಒಂದು ಮಂಗಳವಾರ ತಪ್ಪಿಸದೆ ನನ್ನನ್ನು ಬದುಕಿಸಿದ್ದಳು. ಈಗ ಅದೇ ಅವಳ ಕೊರಳಿಗೆ ಬಂದಿತ್ತು.

"'ಇಲ್ಲ' ಅಂತ ಬೇಕಾದ್ರೆ ಈಗಲೇ ಬರೀಬಹುದು" ಎಂದರು ಡಾಕ್ಟರು ಹಿಂಜರಿಯುತ್ತಾ. "ಎರಡು ನಿಮಿಷದ ಕೆಲಸ."

"ಸತ್ತವರ ಸಹಿ ನಡೆಯುತ್ತಾ ಸರ್?"

"ಅದನ್ನ ಮೇಲೆ ಕೇಳಬೇಕು."

ತಮಾಷೆ ಮಾಡುತ್ತಿರಲಿಲ್ಲ ಅವರು. ರಿಜಿಸ್ಟರಿನ ಕೊನೆಯ ಹಾಳೆ ತೆಗೆದು ನನ್ನ ಕಡೆ ತಿರುಗಿಸಿದರು. ಅಲ್ಲೊಂದು ಗೆರೆ. ನಲವತ್ತರಲ್ಲಿ ಶುರುವಾಗಿ, ಒಂದು ಮಗು ಕಡಿಮೆಯಾದಾಗಲೆಲ್ಲ ಒಂದೊಂದು ಮೆಟ್ಟಿಲು ಇಳಿಯುತ್ತದೆ. ಆ ಮೆಟ್ಟಿಲುಗಳನ್ನು ನನಗೆ ವಿವರಿಸಬೇಕಾಗಿರಲಿಲ್ಲ. ಮೊದಲ ಮೆಟ್ಟಿಲು ನನ್ನ ಪಕ್ಕದ ಹಾಸಿಗೆಯಲ್ಲಿದ್ದ, ನಾವು ಗುಂಡಿ ಎನ್ನುತ್ತಿದ್ದ ಹುಡುಗಿ, ಬಟ್ಟೆಯ ಗುಂಡಿಗಳನ್ನೆಲ್ಲ ಕಿತ್ತು ದಿಂಬಿನ ಕೆಳಗೆ ಬಚ್ಚಿಡುತ್ತಿದ್ದಳು. ಎರಡನೆಯದು, ಮೂರನೆಯದು ಒಂದೇ ಮನೆಯ ಅಣ್ಣ ತಮ್ಮ, ಒಂದೇ ವರ್ಷದಲ್ಲಿ. ಒಂದೊಂದು ಸಲ ಬೆಳಿಗ್ಗೆ ಏಳುವಾಗ ಪಕ್ಕದ ಹಾಸಿಗೆಗೆ ಹೊಸ ಹೊದಿಕೆ ಹಾಸಿರುತ್ತಿತ್ತು. ಆಮೇಲಿನವರಲ್ಲಿ ಬಹಳ ಮಂದಿ ಚೆನ್ನಾಗಿಯೇ ಇದ್ದಾರೆ. ಬೇರೆ ಕಡೆಗೆ ಹೋದರು, ಬರುವುದನ್ನು ಬಿಟ್ಟರು, ಪತ್ತೆಯಿಲ್ಲವಾದರು. ಗೆರೆಯ ಕೊನೆಯಲ್ಲಿ ಒಂದು ಉದ್ದನೆಯ ನೇರ ಭಾಗ ಇದೆ. ಅದು ನಾನೊಬ್ಬಳೇ.

"ನೀನು ಹೋದ್ರೆ ಈ ಗೆರೆ ಇಲ್ಲಿಗೇ ನಿಲ್ಲುತ್ತೆ" ಎಂದರು ಮೆಲ್ಲಗೆ. "ಹೊಸದಾಗಿ ಬರೋ ಅಪ್ಪ ಅಮ್ಮಂದಿರಿಗೆ ನಾನು ಈ ಹಾಳೆ ತೋರಿಸ್ತೀನಿ ಪುಟ್ಟೀ. ನೋಡಿ, ಇಷ್ಟುದ್ದ ಹೋಗುತ್ತೆ ಅಂತ."

ಅವರ ಮೇಲೆ ಕೂಗಾಡಲು ಮನಸ್ಸು ಬರಲಿಲ್ಲ. ಆದರೆ ಒಂದು ಮಾತು ಹೇಳಿಯೇ ಬಂದೆ. ನಮ್ಮ ಅಂಗಡಿಯಲ್ಲಿ ಮಕ್ಕಳ ಬಟ್ಟೆ ಕತ್ತರಿಸುವಾಗ ಬೆಳೆಯುವ ಮಕ್ಕಳೆಂದು ಒಳಗೆ ಎರಡಿಂಚು ಮಡಿಕೆ ಬಿಟ್ಟಿರುತ್ತೇವೆ. ಕಲಿಯಲು ಬಂದವರಿಗೆ ಮೊದಲ ದಿನ ಹೇಳಿಕೊಡುವ ಪಾಠ ಅದು. "ನಿಮ್ಮ ರಿಜಿಸ್ಟರಲ್ಲಿ ಒಳಮಡಿಕೆಯನ್ನೇ ಬಿಟ್ಟಿಲ್ಲ ಸರ್" ಎಂದೆ. ಗಂಟೆ ಹತ್ತಾಗಿತ್ತು.

ಹೊರಗೆ ಬಂದು ಆಮೆಯ ಮೇಲೆ ಕೂತು ಅತ್ತೆ. ಆಮೆ ಕುರ್ಚಿ ಗಟ್ಟಿ, ಅಮ್ಮ ಅದರ ಮೇಲೆ ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ತೂಕದಕ್ಕ ಬಂದು ಎದುರಿಗೆ ನಿಂತಳು.

"ಯಾಕೇ ಪರಪರ, ಮೂಗು ಸೋರಿಸ್ಕೊಂಡು ಕೂತಿದ್ದೀಯ?"

ಹೇಳಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಕಣ್ಣು ಕಿರಿದು ಮಾಡಿ ಗೋಡೆಯ ಜಿರಾಫೆಯನ್ನು ನೋಡುತ್ತಾ ನಿಂತಳು. "ಮಗು ಅಂತಾರಾ? ಆಯ್ತು, ಮಗುವೇ ಸೈ" ಎಂದಳು. ಸರಸರ ಒಳಗೆ ಹೋಗಿ ಗುಲಾಬಿ ಬಣ್ಣದ ಫಾರಂ ತಂದಳು. ನೋಡಿದ ಕೂಡಲೇ ಗುರುತು ಹಿಡಿದೆ. ಆಟದ ಕೋಣೆಯ ಫಾರಂ. ವಾರ್ಡಿನ ಮಕ್ಕಳು ಬಣ್ಣ ಹಚ್ಚಲು, ಮಣ್ಣಿನ ಗೊಂಬೆ ಮಾಡಲು ಹೋಗಬೇಕಾದರೆ ಪಾಲಕರು ತುಂಬಿಸಿ ಕೊಡುವುದು. "ನನ್ನ ಮಗು ಈ ಕೆಳಗಿನ ಚಟುವಟಿಕೆಯಲ್ಲಿ ಭಾಗವಹಿಸಲು ನನ್ನ ಒಪ್ಪಿಗೆ ಇದೆ" ಎಂದು ಅಚ್ಚಾಗಿರುತ್ತದೆ.

ತೂಕದಕ್ಕ ಆಮೆಯ ಬೆನ್ನ ಮೇಲೆ ಹಾಳೆ ಇಟ್ಟುಕೊಂಡು ದುಂಡಗಿನ ಅಕ್ಷರದಲ್ಲಿ ಬರೆದಳು. ಚಟುವಟಿಕೆಯ ಹೆಸರು: ಸಹಿ ಹಾಕುವುದು. ಸ್ಥಳ: ಮೂರನೇ ಮಹಡಿ. ಬೇಕಾಗುವ ಸಾಮಗ್ರಿ: ಪೆನ್ನು ಒಂದು. ಚೂಪಾದ ವಸ್ತುಗಳ ಬಳಕೆ ಇದೆಯೇ: ಇದೆ, ಆದರೆ ಮಗುವಿನ ಕೈಯಲ್ಲಲ್ಲ.

"ಪಾಲಕರ ಸಹಿ?" ಎಂದೆ. "ಅಮ್ಮನಿಗೆ ಇಂಜೆಕ್ಷನ್ ಕೊಟ್ಟಿದ್ದಾರಲ್ಲ. ಮಂಪರಿನ ಸಹಿ ಅಂತಾರೆ."

"ಇಂಜೆಕ್ಷನ್ ಕೊಟ್ಟಿರೋದು ಯಾವ ಫೈಲಲ್ಲಿ? ಮೂಳೆ ಫೈಲಲ್ಲಿ. ಇದು ನಿನ್ನ ಫೈಲಿಗೆ ಸೇರೋ ಕಾಗದ ಕಣೇ. ನಿನ್ನ ಫೈಲಲ್ಲಿ ನಿಮ್ಮಮ್ಮನಿಗೆ ಸೊಂಟವೇ ಮುರಿದಿಲ್ಲ." ಆನೆಯ ಮೊಹರು ಒತ್ತಿ ಹಾಳೆಗೆ ಉಫ್ ಎಂದು ಊದಿದಳು. "ಓಡು."

ಓಡಿದೆ. ಹತ್ತೂವರೆಗೆ ಅಮ್ಮನ ಹಾಸಿಗೆಯ ಹತ್ತಿರ ನಿಂತಿದ್ದೆ. ಅಮ್ಮನಿಗೆ ಮಂಪರೂ ಇಲ್ಲ, ಮಣ್ಣೂ ಇಲ್ಲ. ನನ್ನನ್ನು ಕಂಡ ಕೂಡಲೇ "ಏನಾದ್ರೂ ತಿಂದ್ಯಾ?" ಎಂದಳು. ಹಾಸಿಗೆಯಲ್ಲಿ ಅವಳು ಇಷ್ಟು ಚಿಕ್ಕವಳು ಎಂದು ನನಗೆ ಗೊತ್ತೇ ಇರಲಿಲ್ಲ. ಯಾವಾಗಲೂ ಹಾಸಿಗೆಯಲ್ಲಿ ಇರುತ್ತಿದ್ದವಳು ನಾನು, ಪಕ್ಕದಲ್ಲಿ ನಿಂತಿರುತ್ತಿದ್ದವಳು ಅವಳು.

ಫಾರಂ ಕೊಟ್ಟು ವಿಷಯ ಹೇಳಿದೆ. ನಕ್ಕಳು, ಸೊಂಟ ನೊಂದು ಮುಖ ಹಿಂಡಿದಳು. ತನ್ನ ಕನ್ನಡಕ ಕೇಳಿ ಇಸಿದುಕೊಂಡು ಹಾಕಿಕೊಂಡಳು. ಇಪ್ಪತ್ತಾರು ವರ್ಷ ಪ್ರತಿ ಕಾಗದವನ್ನೂ ಓದಿದ ಹಾಗೆ ಇದನ್ನೂ ಮೇಲಿಂದ ಕೆಳಗೆ ಒಂದಕ್ಷರ ಬಿಡದೆ ಓದಿದಳು. ಗಡಿಯಾರ ಹತ್ತು ನಲವತ್ತು ತೋರಿಸುತ್ತಿತ್ತು. ಆದರೆ ಅವಳನ್ನು ಅವಸರ ಮಾಡುವ ಧೈರ್ಯ ಯಾರಿಗಿದೆ?

"ಎಷ್ಟು ಹೊತ್ತು ಮಾಡ್ತಾರಂತೆ?" ಎಂದಳು.

"ಮೂರು ಗಂಟೆ."

"ಅಷ್ಟೂ ಹೊತ್ತು ಹೊರಗೆ ಒಬ್ಬಳೇ ಕೂರ್ತೀಯಾ?"

"ಕೂರ್ತೀನಿ ಬಿಡು."

"ನಿನಗೆ ಮಾಡಿದಾಗ ಹನ್ನೊಂದು ಗಂಟೆ. ನಾನೂ ಪಕ್ಕದ ಕೋಣೆಯಲ್ಲಿ ಹೊಟ್ಟೆ ಕುಯ್ಯಿಸ್ಕೊಂಡು ಮಲಗಿದ್ದೆ, ನನಗೇನು ಗೊತ್ತಾಗುತ್ತೆ? ಹೊರಗೆ ಕೂತಿದ್ದು ನಿಮ್ಮಪ್ಪ." ಹಾಳೆಯ ಮೇಲೆ ಬೆರಳಾಡಿಸಿದಳು. "ಕಷ್ಟ ಆಗಿದ್ದು ಅವರಿಗೇ. ನಾನು ಒಂದು ದಿನವೂ ಕೇಳ್ಲಿಲ್ಲ ನೋಡು."

ಸಹಿ ಹಾಕಿದಳು. ಆಮೇಲೆ ಪೆನ್ನು ಕೊನೆಯ ಕಾಲಂಗೆ ಇಳಿಯಿತು. ಮಗುವಿನ ಬಗ್ಗೆ ವಿಶೇಷ ಸೂಚನೆ ಇದ್ದಲ್ಲಿ. ನನಗೆ ಅಳುವೇ ಬಂತು. ಇನ್ನು ಅಂಚು ಹತ್ತಿ, ಹಾಳೆ ತಿರುವಿ, ಹಿಂದೆಯೂ ಬರೆಯದೆ ಇವಳು ಬಿಡುತ್ತಾಳೆಯೇ? "ಎಂಟಕ್ಕೆ" ಎಂದು ಬರೆದಳು. ನಿಲ್ಲಿಸಿದಳು. ತಲೆಯೆತ್ತಿ ನನ್ನನ್ನು ನೋಡಿದಳು, ಮೂಗಿನಿಂದ ಚಪ್ಪಲಿಯವರೆಗೆ, ಯಾರೋ ಹೊಸಬರನ್ನು ನೋಡಿದ ಹಾಗೆ. ಬರೆದದ್ದನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿದಳು. ಪಕ್ಕದಲ್ಲಿ ಬರೆದು ಹಾಳೆಯನ್ನು ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಿಕೊಂಡಳು.

"ಏನೂ ಇಲ್ಲ. ಅವಳಿಗೆ ಗೊತ್ತು."

ಅದನ್ನು ಎರಡು ಸಲ ಓದಿ ಕೌಂಟರಿಗೆ ಓಡಿದೆ. ಕನ್ನಡಕ ಫಾರಂ ತಿರುಗಿಸಿ ತಿರುಗಿಸಿ ನೋಡಿದರು. ಅಮ್ಮನ ಮೂಳೆ ಫೈಲು ತೆಗೆದರು, ನನ್ನ ಮಕ್ಕಳ ಫೈಲು ತೆಗೆದರು, ಎರಡರಲ್ಲೂ ಬೆರಳಿಟ್ಟು ಗಟ್ಟಿಯಾಗಿ ಯೋಚಿಸಿದರು.

"ಈ ಫೈಲಿನ ತಾಯಿಗೆ ಮಂಪರಿದೆ. ಆ ಫೈಲಿನ ತಾಯಿಗೆ ಇಲ್ಲ. ಈ ಕಾಗದ ಆ ಫೈಲಿನದು." ಮುಖ ಅರಳಿತು ಅವರದ್ದು. ಬೆಳಿಗ್ಗೆಯಿಂದ ನನ್ನಷ್ಟೇ ಅವರೂ ಒದ್ದಾಡಿರಬೇಕು. "ಸರಿಯಾಗಿದೆ! ಬನ್ನಿ ಮಗೂ, ಇಲ್ಲಿ ಸಹಿ ಹಾಕಿ."

ಸ್ಟೂಲು ತರಿಸಿಕೊಟ್ಟರು. ಹತ್ತಿ ನಿಂತು ಸಹಿ ಹಾಕಿದೆ. ಮಕ್ಕಳ ವಿಭಾಗದ ನಿಯಮದ ಪ್ರಕಾರ ಚಟುವಟಿಕೆ ಮುಗಿಸಿದ ಮಗುವಿಗೆ ಒಂದು ಚಿನ್ನದ ಬಣ್ಣದ ನಕ್ಷತ್ರ ಅಂಟಿಸಬೇಕು. ತೂಕದಕ್ಕ ಅದನ್ನೂ ಫಾರಂಗೆ ಪಿನ್ನು ಮಾಡಿ ಕಳಿಸಿದ್ದಳು. ಕನ್ನಡಕ ಅದನ್ನು ಬಿಡಿಸಿ, ಕೌಂಟರಿನಿಂದ ಬಾಗಿ, ನನ್ನ ಕಾಲರಿಗೆ ಅಂಟಿಸಿದರು. ಗಂಟೆ ಹನ್ನೊಂದಕ್ಕೆ ನಾಲ್ಕು ನಿಮಿಷ ಇತ್ತು.

ಹನ್ನೆರಡಕ್ಕೆ ಅಮ್ಮನನ್ನು ಒಳಗೆ ಕರೆದುಕೊಂಡು ಹೋದರು. ಆಪರೇಷನ್ ಕೋಣೆಯ ಹೊರಗೆ ದೊಡ್ಡವರ ಬೆಂಚು, ಕೂತರೆ ನನ್ನ ಕಾಲು ನೆಲಕ್ಕೆ ಎಟುಕುವುದಿಲ್ಲ. ಮೂರು ಗಂಟೆ ಎಂದದ್ದು ನಾಲ್ಕಾಯಿತು. ಅಮ್ಮ ಹೇಳಿದ್ದು ನಿಜ. ಒಳಗೆ ಮಲಗುವುದು ನನಗೆ ಅಭ್ಯಾಸವಿತ್ತು, ಹೊರಗೆ ಕೂರುವುದು ಗೊತ್ತಿರಲಿಲ್ಲ. ಆ ಬಾಗಿಲು ಪ್ರತಿ ಸಲ ತೆರೆದಾಗಲೂ ಹೊಟ್ಟೆಯಲ್ಲಿ ಅಮ್ಮನ ಲಿವರ್ ಅಲ್ಲಾಡುತ್ತಿತ್ತು. ಅವಳು ಎದ್ದುಬರದಿದ್ದರೆ ಮಂಗಳವಾರಗಳನ್ನು ಏನು ಮಾಡಲಿ ಎಂದು ಹೆದರಿ ಕೂತಿದ್ದೆ.

ನಡುವೆ ದೊಡ್ಡ ಡಾಕ್ಟರು ನೀಲಿ ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ನನ್ನ ಪಕ್ಕದಲ್ಲಿ ಕೂತರು. ನನ್ನ ಹಾಳೆ ತೆಗೆದು, ಸ್ಕೇಲು ಇಟ್ಟು, ನಾಲ್ಕು ಕಾಲಂಗಳ ಪಕ್ಕದ ಖಾಲಿ ಅಂಚಿನಲ್ಲಿ ಇನ್ನೊಂದು ಗೆರೆ ಎಳೆದರು. ಎರಡಿಂಚು ಅಗಲ ಇದ್ದೀತು. ಅದರಲ್ಲಿ ಬರೆದು ನನಗೆ ತೋರಿಸಿದರು: "ತಾಯಿಯ ಆಪರೇಷನ್ನಿಗೆ ಸಹಿ ಹಾಕಿ ಹೊರಗೆ ಕೂತಿದ್ದಾಳೆ."

"ಇದನ್ನ ಯಾವ ಲೆಕ್ಕಕ್ಕೆ ಸೇರಿಸ್ತೀರಿ ಸರ್?" ಎಂದೆ.

"ಗೊತ್ತಿಲ್ಲ ಪುಟ್ಟೀ" ಎಂದರು. ನಾಲ್ಕು ಗಂಟೆಗೆ ಬಾಗಿಲು ತೆರೆದು ಮೂಳೆ ಡಾಕ್ಟರು ಬಂದು, "ಆಯ್ತು, ಚೆನ್ನಾಗಿದ್ದಾರೆ" ಎನ್ನುವ ತನಕ ಅವರು ಎದ್ದುಹೋಗಲಿಲ್ಲ.

ಸಂಜೆ ಅಮ್ಮನಿಗೆ ಎಚ್ಚರವಾದಾಗ ನಾನು ಹಾಸಿಗೆಯ ಪಕ್ಕದಲ್ಲಿ ನಿಂತಿದ್ದೆ. ಒಣಗಿದ ತುಟಿಗೆ ಒದ್ದೆ ಹತ್ತಿ ಮುಟ್ಟಿಸಿದೆ. ಅವಳ ಕಣ್ಣು ನನ್ನ ಕಾಲರಿಗೆ ಬಂತು.

"ಏನೇ ಅದು ಫಳಫಳ?"

"ಸಹಿ ಹಾಕಿದ್ದಕ್ಕೆ ಕೊಟ್ರು."

ತುಟಿಯ ತುದಿಯಲ್ಲಿ ನಕ್ಕಳು. ಆಮೇಲೆ ಕಣ್ಣು ಎದುರು ಗೋಡೆಯ ಗಡಿಯಾರಕ್ಕೆ ಹೋಯಿತು. ಎಂಟಾಗಲು ಒಂದು ನಿಮಿಷ. ನನ್ನ ಕಡೆ ತಿರುಗಿದಳು. ಬಾಯಿ ತೆರೆದಳು. ಇಪ್ಪತ್ತಾರು ವರ್ಷ ಒಂದು ದಿನವೂ ತಪ್ಪದ ಮಾತು ಅವಳ ನಾಲಗೆಯ ಮೇಲೆ ಬಂದು ನಿಂತದ್ದು ನನಗೆ ಕಂಡಿತು. ಬಾಯಿ ಮುಚ್ಚಿಕೊಂಡಳು. ಹೊದಿಕೆಯ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಛಾವಣಿ ನೋಡತೊಡಗಿದಳು.

ನಾನು ಚೀಲದಿಂದ ಡಬ್ಬಿ ತೆಗೆದೆ. ಮಾತ್ರೆ ನುಂಗಿದೆ, ನೀರು ಕುಡಿದೆ.

"ತಗೊಂಡೆ ಅಮ್ಮ" ಎಂದೆ.

"ನಾನೇನು ಕೇಳಿದ್ನಾ?" ಎಂದಳು ಅಮ್ಮ.